ಸಭೆಯಲ್ಲಿದ್ದವರಿಗೆ ಮಾತ್ರ

ನನ್ನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ನನ್ನ ಹೆಂಡತಿ ತನ್ನ ತಂಗಿಗೆ ಸೀರೆ ತಂದರೆ ಅದನ್ನು ಮೊದಲು ನನ್ನಿಂದ ಬಚ್ಚಿಡುತ್ತಾಳೆ, ಆಮೇಲೆ ತಂಗಿಯಿಂದ. ಇಂಥವನನ್ನೇ ಹುಡುಕಿ ನಮ್ಮ ಕಂಪನಿಯವರು ಸಭೆಯ ಟಿಪ್ಪಣಿ ಬರೆಯುವ ಕೆಲಸಕ್ಕೆ ಹಚ್ಚಿದ್ದಾರೆ.

ಕಂಪನಿ ಎಂದರೆ ದೊಡ್ಡದೇನಲ್ಲ. ನಾಲ್ಕು ತಾಲ್ಲೂಕಿನ ಹುಣಸೆ ಬೆಳೆಗಾರರು ಸೇರಿ ಕಟ್ಟಿಕೊಂಡದ್ದು. ಮಧುಗಿರಿಯಲ್ಲಿ ಕಚೇರಿ, ಕೊರಟಗೆರೆಯಲ್ಲಿ ಗೋದಾಮು, ಶಿರಾದಲ್ಲಿ ಮಾರಾಟ, ಪಾವಗಡದಲ್ಲಿ ಹಣ್ಣು ಬಿಡಿಸಿ ವಿಂಗಡಿಸುವ ಅಂಗಳ. ನನ್ನ ಮೇಜು ಕಿಟಕಿಯ ಪಕ್ಕದಲ್ಲಿದೆ, ಕಿಟಕಿಯ ತುಂಬ ಬೆಟ್ಟ. ಬೆಳಿಗ್ಗೆ ಆ ಬಂಡೆ ಬೂದಿಯ ಬಣ್ಣದಲ್ಲಿರುತ್ತದೆ, ಮಧ್ಯಾಹ್ನ ಬಣ್ಣವೇ ಇರುವುದಿಲ್ಲ, ಸಂಜೆ ಐದರ ಹೊತ್ತಿಗೆ ಯಾರೋ ಅರಿಶಿನ ಸವರಿದಂತೆ ಆಗುತ್ತದೆ. ಸಭೆ ಐದಕ್ಕೆ ನಡೆದರೆ ಯಾರು ಏನು ಹೇಳಿದರೆಂಬುದರಲ್ಲಿ ಅರ್ಧ ನನಗೆ ತಪ್ಪಿಹೋಗುತ್ತದೆ. ತಪ್ಪಿದ ಅರ್ಧವನ್ನು ‘ಸುದೀರ್ಘವಾಗಿ ಚರ್ಚಿಸಲಾಯಿತು’ ಎಂದು ಬರೆದುಬಿಡುತ್ತೇನೆ.

ಮೊದಲೆಲ್ಲ ಟಿಪ್ಪಣಿಯನ್ನು ಕಾಗದದಲ್ಲಿ ಬರೆದು ಬಾಗಿಲ ಪಕ್ಕದ ಮೊಳೆಗೆ ಸಿಕ್ಕಿಸುವುದು ನಮ್ಮಲ್ಲಿ ಪದ್ಧತಿಯಾಗಿತ್ತು. ಬೆಳೆಗಾರ ಬರುತ್ತಿದ್ದ, ಚಪ್ಪಲಿ ಬಿಡುತ್ತಿದ್ದ, ಓದುತ್ತಿದ್ದ. ಓದು ಬಾರದವನು ಪಕ್ಕದವನಿಂದ ಓದಿಸಿಕೊಳ್ಳುತ್ತಿದ್ದ. ಆ ಮೊಳೆಯ ಬಗ್ಗೆ ನನಗೆ ಬಹಳ ಹೆಮ್ಮೆ. ಹೊಸ ಸಾಫ್ಟ್‌ವೇರ್ ಬಂದಾಗ, ಪ್ರತಿ ಟಿಪ್ಪಣಿಯ ನೆತ್ತಿಯ ಮೇಲೂ ‘ಯಾರು ನೋಡಬಹುದು?’ ಎಂಬ ಪ್ರಶ್ನೆ ಇತ್ತು. ಉತ್ತರ ಎರಡೇ: ‘ಸಂಸ್ಥೆಯ ಎಲ್ಲರೂ’, ‘ಸಭೆಯಲ್ಲಿದ್ದವರಿಗೆ ಮಾತ್ರ’. ಏನೂ ಒತ್ತದೆ ಬಿಟ್ಟರೆ ‘ಎಲ್ಲರೂ’ ಎಂದೇ ಇರಬೇಕೆಂದು ಹಟ ಹಿಡಿದವನು ನಾನು. ನಮ್ಮಲ್ಲಿ ಮುಚ್ಚುಮರೆ ಏನಿದೆ ಎಂದು ಭಾಷಣವನ್ನೂ ಮಾಡಿದ್ದೆ. ಆ ಭಾಷಣದ ಟಿಪ್ಪಣಿ ಈಗಲೂ ಎಲ್ಲರಿಗೂ ಕಾಣುವಂತಿದೆ.

ಕಿಟಕಿಯಲ್ಲಿ ಕಾಣುವ ಆ ಬೆಟ್ಟದ ಮೇಲೆ ಕೋಟೆ ಕಟ್ಟಿದವರು ನನಗಿಂತ ಬುದ್ಧಿವಂತರು. ಆನೆ ಹೋಗುವ ದೊಡ್ಡ ಬಾಗಿಲು ಇಟ್ಟವರೇ, ಒಬ್ಬೊಬ್ಬರೇ ತಲೆ ತಗ್ಗಿಸಿ ನುಗ್ಗುವ ದಿಡ್ಡಿ ಬಾಗಿಲನ್ನೂ ಇಟ್ಟರು. ಕೆಲವು ಮಾತುಗಳು ಮೆರವಣಿಗೆಯಲ್ಲಿ ಹೋಗತಕ್ಕವು, ಕೆಲವು ತಲೆ ತಗ್ಗಿಸಿ ಹೋಗತಕ್ಕವು. ಇದು ನನಗೆ ಅರ್ಥವಾದದ್ದು ಹನುಮಂತರಾಯಪ್ಪನವರು ಮಧುಗಿರಿಗೆ ಬಂದ ದಿನ.

ಹನುಮಂತರಾಯಪ್ಪನವರು ಪಾವಗಡದ ಅಂಗಳದಲ್ಲಿ ಹಣ್ಣಿಗೆ ದರ್ಜೆ ಹಾಕುವವರು. ರಾಶಿಯಿಂದ ಒಂದು ಎಳೆ ಕಿತ್ತು ನಾಲಿಗೆಯ ಮೇಲಿಟ್ಟುಕೊಳ್ಳುತ್ತಾರೆ. ಒಳ್ಳೆಯ ಹುಳಿಯಾದರೆ ಅವರ ಎಡಗಣ್ಣು ತಾನಾಗಿಯೇ ಮುಚ್ಚುತ್ತದೆ. ‘ಒಂದನೇ ನಂಬರ್’ ಎಂದು ಬಾಯಲ್ಲಿ ಹೇಳುವುದು ಆಮೇಲೆ. ಬೆಳೆಗಾರರು ಅವರ ಬಾಯಿ ನೋಡುವುದಿಲ್ಲ, ಕಣ್ಣು ನೋಡುತ್ತಾರೆ. ಆ ಕಣ್ಣಿನ ಮೇಲೆ ಎಷ್ಟೋ ವರ್ಷಗಳಿಂದ ಯಾರೂ ತಕರಾರು ಎತ್ತಿಲ್ಲ.

ಅಂದು ಸಭೆಯಲ್ಲಿ ನಾಲ್ಕೇ ಜನ: ನಮ್ಮ ವ್ಯವಸ್ಥಾಪಕಿ ವೀಣಾ ಮೇಡಂ, ಕೊರಟಗೆರೆ ಗೋದಾಮಿನ ಮಹೇಶಪ್ಪ, ಹನುಮಂತರಾಯಪ್ಪ, ನಾನು. ಹನುಮಂತರಾಯಪ್ಪನವರು ಟವೆಲನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಹೇಳಿದರು: “ಹೋದ್ ವರ್ಸ ಜ್ವರ ಬಂದ್ ಹೋತಲ್ಲ ಮೇಡಂ, ಆವತ್ತಿಂದ ನಾಲ್ಗೇಗೆ ಹುಳಿ ಗೊತ್ತಾಗ್ತಿಲ್ಲ. ಮಣ್ಣು ಒಂದೇ, ಹಣ್ಣು ಒಂದೇ. ತೆಪ್ಪು ನಂಬರ್ ಹಾಕಿ ಬೆಳೆದೋನ ಹೊಟ್ಟೆ ಮ್ಯಾಲೆ ಹೊಡೀಬಾರ್ದು ನಾನು.”

ಬಂಡೆ ಆಗತಾನೆ ಅರಿಶಿನಕ್ಕೆ ತಿರುಗುತ್ತಿತ್ತು, ನಾನು ಆ ದಿನ ಅದನ್ನು ನೋಡಲಿಲ್ಲ. ಪ್ರತಿ ರಾಶಿಯ ಮಾದರಿಯನ್ನೂ ಮಧುಗಿರಿಗೆ ತರಿಸಿ ಯಂತ್ರದಲ್ಲಿ ಪರೀಕ್ಷೆ ಮಾಡುವುದು, ತಪ್ಪಿದ್ದರೆ ಇಲ್ಲೇ ಸದ್ದಿಲ್ಲದೆ ತಿದ್ದುವುದು, ಸುಗ್ಗಿ ಮುಗಿಯುವ ತನಕ ಅವರು ಅದೇ ಜಾಗದಲ್ಲಿ ಕೂರುವುದು ಎಂದು ತೀರ್ಮಾನವಾಯಿತು. ಏಳುವಾಗ ಅವರು ನನ್ನ ಕಡೆ ತಿರುಗಿ, “ಸ್ವಾಮಿ, ಇದು ನಮ್ಮ ನಾಕ್ ಜನದಾಗೇ ಇರ್ಲಿ. ಸುಗ್ಗಿ ಮುಗುದ್ ಮ್ಯಾಲೆ ನಾನೇ ಅಂಗಳದಾಗೆ ಎಲ್ರಿಗೂ ಹೇಳ್ತೀನಿ. ಬ್ಯಾರೇರ ಬಾಯಿಂದ ಹೋಗೋದು ಬ್ಯಾಡ,” ಎಂದರು.

ಆರು ಕಿವಿ ಮುಟ್ಟಿದ ಮಾತು ಗುಟ್ಟಾಗಿ ಉಳಿಯದು ಎಂದು ಹಿಂದಿನವರ ಮಾತು. ನಾವು ನಾಲ್ವರು, ಎಂಟು ಕಿವಿ. ಅದರಲ್ಲಿ ಎರಡು ನನ್ನವು. ಆದರೂ ನಾನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಹೆಂಡತಿ ಎರಡು ಸಲ ‘ಯಾಕೆ ಒಂಥರಾ ಇದ್ದೀರಿ’ ಎಂದು ಕೇಳಿದರೂ ಹೇಳಲಿಲ್ಲ. ಮೂರು ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತ ಓಡಾಡಿದೆ.

ನಾಲ್ಕನೆಯ ದಿನ ಬೆಳಿಗ್ಗೆ ಬೇರೇನೋ ಹುಡುಕುತ್ತ, ಅಂದೇ ಬರೆದಿಟ್ಟಿದ್ದ ಆ ಸಭೆಯ ಟಿಪ್ಪಣಿ ತೆರೆದೆ. ಕೆಳಗೆ ಸಣ್ಣ ಅಕ್ಷರದಲ್ಲಿ ‘ನೋಡಿದವರು: ೧೭’ ಎಂದಿತ್ತು. ನೆತ್ತಿಯ ಮೇಲೆ ‘ಸಂಸ್ಥೆಯ ಎಲ್ಲರೂ’. ಬಾಯಿ ಮುಚ್ಚಿಕೊಂಡೇ ಊರಿಗೆಲ್ಲ ಸಾರಿದ ಮೊದಲ ಮನುಷ್ಯ ನಾನೇ ಇರಬೇಕು. ತಕ್ಷಣ ‘ಸಭೆಯಲ್ಲಿದ್ದವರಿಗೆ ಮಾತ್ರ’ ಎಂದು ಒತ್ತಿದೆ. ಕುದುರೆ ಓಡಿಹೋದ ಮೇಲೆ ಲಾಯಕ್ಕೆ ಬೀಗ ಹಾಕಿದ ಹಾಗೆ. ನೋಡಿದವರ ಪಟ್ಟಿಯಲ್ಲಿ ಮೊದಲ ಹೆಸರು ಶಿರಾದ ಮಾರಾಟ ನೋಡಿಕೊಳ್ಳುವ ದಸ್ತಗೀರ್ ಅವರದು. ಫೋನ್ ಮಾಡಿ, ಮೊನ್ನೆಯ ಟಿಪ್ಪಣಿ ಓದಿದಿರಾ ಎಂದು ಆದಷ್ಟು ಸಹಜವಾಗಿ ಕೇಳಿದೆ.

“ಅರೇ ಸಾಬ್, ನಿಮ್ ನೋಟ್ಸ್ ಯಾರ್ ಪೂರಾ ಓದ್ತಾರೆ? ಫೋನ್ ಟಿಣ್ ಅಂತು, ತೆಗ್ದೆ. ‘ಸಭೆಯು ಪ್ರಾರಂಭವಾಯಿತು’ ಅಂತಿತ್ತು. ಮುಚ್ಬುಟ್ಟೆ,” ಎಂದರು.

ಬರೆಯುವವನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ, ಆ ಹೊತ್ತಿನಲ್ಲಿ ಇದಕ್ಕಿಂತ ದೊಡ್ಡ ಸಮಾಧಾನವೂ ಇರಲಿಲ್ಲ. ಅವರ ಮಾತನ್ನು ಅರ್ಧ ನಂಬಿದೆ. ಉಳಿದ ಅರ್ಧ ನನ್ನನ್ನು ಪಾವಗಡದ ಬಸ್ಸು ಹತ್ತಿಸಿತು. ಹನುಮಂತರಾಯಪ್ಪನವರ ಮುಂದೆ ತಪ್ಪೊಪ್ಪಿಕೊಳ್ಳುವುದಾದರೆ ಫೋನಿನಲ್ಲಿ ಆಗದು.

ಆ ದಾರಿಯಲ್ಲಿ ನಾನು ಯಾವಾಗಲೂ ಅರೆನಿದ್ದೆಯಲ್ಲೇ ಹೋಗುವವನು. ಮಿಡಿಗೇಶಿಯ ಬೆಟ್ಟ ಕಿಟಕಿಯಲ್ಲಿ ಬಂತು, ಸ್ವಲ್ಪ ದೂರ ಜೊತೆಗೆ ನಡೆದು ಹಿಂದೆ ಉಳಿಯಿತು. ಬಯಲಲ್ಲಿ ಒಂಟಿ ಹುಣಸೆಮರಗಳು, ಕೆಳಗೆ ಅವುಗಳ ನೆರಳು. ಈ ಮರಗಳಿಗೆ ಎಷ್ಟು ಮಾತು ಗೊತ್ತಿರಬಹುದು ಎಂದುಕೊಂಡೆ. ಜಗಳ, ಮದುವೆ ಮಾತು, ಪಾಲು ಪಾರಿಕತ್ತು ಎಲ್ಲ ಇವುಗಳ ಕೆಳಗೇ ನಡೆದದ್ದು. ಕೇಳಿಸಿಕೊಂಡು ಸುಮ್ಮನೆ ನಿಂತಿವೆ. ಕಣ್ಣು ಮುಚ್ಚಿದರೆ ಪ್ರತಿ ಎಲೆಯ ಮೇಲೂ ‘ನೋಡಿದವರು: ೧೭’ ಎಂದು ಬರೆದಂತೆ ಕಾಣುತ್ತಿತ್ತು. ಕಂಡಕ್ಟರ್ ಎಬ್ಬಿಸಿದಾಗ ಪಾವಗಡ ಬಂದಿತ್ತು.

ಅಂಗಳದಲ್ಲಿ ಹೆಂಗಸರು ಸಾಲಾಗಿ ಕೂತು ಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ಹುಳಿಯ ವಾಸನೆಗೆ ಬಾಯಲ್ಲಿ ನೀರು. ಮಾವಿನ ಮರದ ಕೆಳಗೆ ಹನುಮಂತರಾಯಪ್ಪನವರು. ಹೆಂಗಸರ ಮೇಸ್ತ್ರಿ ನರಸಮ್ಮ ಮೊರದಲ್ಲಿ ಮಾದರಿ ಹಿಡಿದು ಅವರ ಕಡೆ ನಡೆದಳು. ಮೂರು ಹೆಜ್ಜೆ ಮೊದಲೇ ಒಂದು ಎಳೆ ತನ್ನ ಬಾಯಿಗೆ ಹಾಕಿಕೊಂಡು, “ಅಬ್ಬಬ್ಬಾ, ಹಲ್ಲು ಜುಮ್ ಅಂತು ಕಣಣ್ಣ! ದೊಡ್ಡೇರಿ ಕಡೆ ಹಣ್ಣು, ಅಂಗೇ ಐತೆ,” ಎಂದು ಗೊಣಗುತ್ತ ಮೊರ ಮುಂದಿಟ್ಟಳು. ಅವರು ರುಚಿ ನೋಡಿ, “ಒಂದನೇ ನಂಬರ್” ಎಂದರು. ಮುಂದಿನ ಮೊರಕ್ಕೆ ಅವಳು ಏನೂ ಗೊಣಗಲಿಲ್ಲ. “ಮೂರು” ಎಂದರು. ಹತ್ತು ಮೊರ ನೋಡಿದೆ. ಎಡಗಣ್ಣು ಒಮ್ಮೆಯೂ ಮುಚ್ಚಲಿಲ್ಲ. ಆದರೆ ಈ ಮೂರು ದಿನವೂ ಮಧುಗಿರಿಯ ಯಂತ್ರ ಅವರ ಒಂದು ದರ್ಜೆಯನ್ನೂ ತಪ್ಪೆಂದು ತೋರಿಸದೆ ಇದ್ದದ್ದು ಹೇಗೆಂದು ಅಲ್ಲಿ ನಿಂತೇ ತಿಳಿಯಿತು.

ಹೆಂಗಸರೆಲ್ಲ ನನ್ನ ಟಿಪ್ಪಣಿ ಓದಿದ್ದಾರೆ! ನರಸಮ್ಮನನ್ನು ತೊಟ್ಟಿಯ ಹತ್ತಿರ ಕರೆದು ತಪ್ಪೊಪ್ಪಿಕೊಂಡೆ.

“ಏಮಿ ಸಾರೂ, ಇದಕ್ಕಾ ಈ ಬಿಸ್ಲಾಗೆ ಬಂದ್ಬುಟ್ರಿ?” ಎಂದಳು. “ಯಾವ್ ನೋಟು? ನಮ್ ಫೋನಾಗೆ ಅವೆಲ್ಲ ಇಲ್ಲ. ಹೋದ್ ಸುಗ್ಗೀಲೇ ಗೊತ್ತು ನಮ್ಗೆ. ಒಳ್ಳೆ ಹಣ್ಣು ಬಾಯಿಗಿಟ್ಕಂಡ್ರು, ಕಣ್ಣು ಮುಚ್ಲೇ ಇಲ್ಲ. ಆವತ್ತು ಮನೇಗೋಗೋ ದಾರ್ಯಾಗೆ ಮಾತಾಡ್ಕಂಡ್ವಿ.”

“ಯಾರಿಗೂ ಹೇಳಲಿಲ್ಲವೇನಮ್ಮ?”

“ಯಾಕ್ ಹೇಳಾನ? ಅವ್ರು ಹೇಳೋಗಂಟ ನಮ್ಗೆ ಗೊತ್ತಿಲ್ಲ, ಅಷ್ಟೇ. ನೀವೂ ಬಾಯ್ ಬುಡಬ್ಯಾಡ್ರಿ.”

ಇಪ್ಪತ್ತು ಮೂವತ್ತು ಜನ, ಒಂದು ವರ್ಷ! ಅವರೂ ಒಂದು ಸಭೆ ನಡೆಸಿದ್ದರು, ದಾರಿಯಲ್ಲಿ ನಡೆಯುತ್ತ. ಅದಕ್ಕೆ ಟಿಪ್ಪಣಿ ಇರಲಿಲ್ಲ. ನಮ್ಮನ್ನು ಕರೆದಿರಲಿಲ್ಲ. ಇವತ್ತು ದಯೆಯಿಟ್ಟು ನನ್ನೊಬ್ಬನನ್ನು ದಿಡ್ಡಿ ಬಾಗಿಲಿನಲ್ಲಿ ಒಳಗೆ ಬಿಟ್ಟುಕೊಂಡಿದ್ದರು. ನನಗೆ ಅವರ ಮೇಲೆ ಗೌರವವೂ ಬಂತು, ನಿಜ ಹೇಳುತ್ತೇನೆ, ಸ್ವಲ್ಪ ಹೊಟ್ಟೆಕಿಚ್ಚೂ ಬಂತು. ಹನುಮಂತರಾಯಪ್ಪನವರಿಗೂ ನನ್ನ ತಪ್ಪನ್ನು ಮರೆಮಾಚದೆ ಹೇಳಿದೆ. ಅವರು, “ಹೋಗ್ಲಿ ಬುಡಿ ಸ್ವಾಮಿ, ಇನ್ ಮ್ಯಾಲೆ ನೋಡ್ಕಂಡ್ ಒತ್ರಿ,” ಎಂದರು. ನರಸಮ್ಮನ ವಿಷಯ ನಾನು ಎತ್ತಲಿಲ್ಲ. ನನ್ನ ಆಯುಷ್ಯದಲ್ಲಿ ನಾನು ಪೂರ್ತಿಯಾಗಿ ಕಾಪಾಡಿದ ಗುಟ್ಟು ಅದೊಂದೇ.

ಸುಗ್ಗಿ ಮುಗಿದ ದಿನ ಅಂಗಳದಲ್ಲಿ ಎಲ್ಲರ ಸಭೆ ಸೇರಿತು. ಹನುಮಂತರಾಯಪ್ಪನವರು ಟವೆಲನ್ನು ಹೆಗಲಿಂದ ತೆಗೆದು, ತಮ್ಮ ನಾಲಿಗೆ ಹೋಗಿರುವುದನ್ನು ತಾವೇ ಹೇಳಿದರು. ಮುಂದಿನ ಸುಗ್ಗಿಗೆ ಈ ಜಾಗದಲ್ಲಿ ನರಸಮ್ಮ ಕೂತುಕೊಳ್ಳಲಿ ಎಂದರು. “ಅಯ್ಯೋ, ಹೌದಾ ಅಣ್ಣಾ!” ಎಂದು ನರಸಮ್ಮ ಕೆನ್ನೆಗೆ ಕೈಯಿಟ್ಟಳು. “ಗೊತ್ತೇ ಆಗ್ಲಿಲ್ವಲ್ಲ ನಮ್ಗೆ!” ಎಂದರು ಉಳಿದವರು. ಶಿರಾದಿಂದ ಬಂದಿದ್ದ ದಸ್ತಗೀರ್ ಎಲ್ಲರಿಗಿಂತ ಜೋರಾಗಿ ಬೆಚ್ಚಿಬಿದ್ದರು. ಹನುಮಂತರಾಯಪ್ಪನವರು ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಅವರ ಬಾಯಲ್ಲಿ ಏನೂ ಇರಲಿಲ್ಲ, ಆದರೂ ಎಡಗಣ್ಣು ಮೆಲ್ಲಗೆ ಮುಚ್ಚಿತು.

ಮಧುಗಿರಿಗೆ ಬಂದು ಟಿಪ್ಪಣಿ ಬರೆದೆ: ‘ವಿಷಯ ತಿಳಿದು ಸಭೆಯಲ್ಲಿದ್ದ ಎಲ್ಲರೂ ಆಶ್ಚರ್ಯ ವ್ಯಕ್ತಪಡಿಸಿದರು.’ ನಾನು ಬರೆದ ಟಿಪ್ಪಣಿಗಳಲ್ಲಿ ಬೇಕೆಂದೇ ಬರೆದ ಸುಳ್ಳು ಅದೊಂದೇ. ನೆತ್ತಿಯ ಮೇಲಿನ ಪ್ರಶ್ನೆಯನ್ನು ಎರಡು ಸಲ ಓದಿ, ಅದನ್ನು ಎಲ್ಲರಿಗೂ ಕಾಣುವಂತೆ ಬಿಟ್ಟೆ.