ದೆಸಾಂಕಾ ಮುಚ್ಚಲು ಒಪ್ಪದ ಗುಂಡಿ

ದೆಸಾಂಕಾ ಪೌನೊವಿಚ್‌ಗೆ ಸಿಟ್ಟು ಬಂದರೆ ಮೊದಲು ಕೆಂಪಾಗುವುದು ಕಿವಿ. ಹನ್ನೊಂದು ವರ್ಷದಿಂದ ಅವಳ ಜೊತೆ ನೆಲ ಕೊರೆಯುತ್ತಿರುವವನು ನಾನು. ಬಾಯಿ ತೆರೆಯಬೇಕೋ ಬೇಡವೋ ಎಂಬುದನ್ನು ಆ ಕಿವಿಗಳನ್ನು ನೋಡಿಯೇ ತೀರ್ಮಾನಿಸುತ್ತೇನೆ.

ಮೊರಾವಾ ನದಿಯ ದಡದ ನಮ್ಮ ಊರಿನಲ್ಲಿ ದೊಡ್ಡ ಕಟ್ಟಡ ಕಟ್ಟುವವರು ಮೊದಲು ನೆಲದ ಒಳಗೇನಿದೆ ಎಂದು ಪರೀಕ್ಷೆ ಮಾಡಿಸಬೇಕು. ಆ ಕೆಲಸ ದೆಸಾಂಕಾಳದು. ಹಳೆಯ ಲಾರಿಯ ಬೆನ್ನ ಮೇಲೆ ಕೊರೆಯುವ ಯಂತ್ರ, ಅದರ ಪಕ್ಕ ನಾನು, ಮುಂದೆ ಸ್ಟೀರಿಂಗ್ ಹಿಡಿದು ಅವಳು. ಮೇಲೆ ಬಂದ ಮಣ್ಣನ್ನು ಆಳದ ಕ್ರಮದಲ್ಲೇ ಮರದ ಪೆಟ್ಟಿಗೆಗಳಲ್ಲಿ ಜೋಡಿಸಿ, ಮುಟ್ಟಿ, ಮೂಸಿ, ವರದಿ ಬರೆಯುತ್ತಿದ್ದಳು.

ಇಪ್ಪತ್ತಾರನೆಯ ವಯಸ್ಸಿನಲ್ಲಿ, ಬೇರೊಂದು ಊರಲ್ಲಿ, ನೆಲ ಮೆತ್ತಗಿದೆ ಎಂದು ಅವಳು ವರದಿಯಲ್ಲಿ ಬರೆದ ಒಂದು ಸಾಲನ್ನು ಮೇಲಧಿಕಾರಿ ಹೊಡೆದುಹಾಕಿದ್ದ. ಅಲ್ಲಿ ಕಟ್ಟಿದ ತಂಬಾಕಿನ ಗೋದಾಮಿನ ಗೋಡೆ ಮೂರನೆಯ ಚಳಿಗಾಲಕ್ಕೆ ಕುಸಿಯಿತು. ಕಾವಲುಗಾರನೊಬ್ಬನ ಕಾಲು ಹೋಯಿತು. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಒಂದು ಸಲ. "ಆ ಗೆರೆ ಎಳೆದದ್ದು ಅವನು ಸರಿ. ಪಕ್ಕದಲ್ಲಿ ಬಾಯಿ ಮುಚ್ಕೊಂಡು ನಿಂತಿದ್ದೋಳು ನಾನು," ಎಂದಿದ್ದಳು.

ಗೋಯ್ಕೊ ಎಂಬ ಬಿಲ್ಡರ್ ಬಸ್ ನಿಲ್ದಾಣದ ಹಿಂದಿನ ಖಾಲಿ ಜಾಗದಲ್ಲಿ ವ್ಯಾಪಾರ ಸಂಕೀರ್ಣ ಕಟ್ಟಲು ಹೊರಟಾಗ ಮಣ್ಣಿನ ಪರೀಕ್ಷೆ ನಮಗೇ ಬಂತು. ಐದು ಅಂತಸ್ತಿನ ಅಂಗಡಿಗಳು, ನೆಲದಡಿ ಎರಡು ಅಂತಸ್ತು ಕಾರು ನಿಲ್ಲಿಸಲು. ಎಂಟು ಗುಂಡಿ ಕೊರೆಯಬೇಕಿತ್ತು. ಐದರಲ್ಲಿ ಒಳ್ಳೆಯ ಗಟ್ಟಿ ಜೇಡಿಮಣ್ಣು ಸಿಕ್ಕಿತು. ಆರನೆಯದು ಪೂರ್ವದ ಮೂಲೆಯಲ್ಲಿತ್ತು. ಅಲ್ಲಿ ನಾಲ್ಕು ಮೀಟರ್ ದಾಟುತ್ತಲೇ ಯಂತ್ರ ಬೆಣ್ಣೆಗೆ ಇಳಿದಂತೆ ಇಳಿಯಿತು. ಮೇಲೆ ಬಂದದ್ದು ಕಪ್ಪು ಕೆಸರು, ಒಡೆದ ಇಟ್ಟಿಗೆ, ಗಾಜು, ಒಂದು ಚಪ್ಪಲಿಯ ಅಟ್ಟೆ. ಒಂಬತ್ತು ಮೀಟರಿನಲ್ಲೂ ಅದೇ ಕಸ.

ಬೇಲಿಯಾಚೆ ಮನೆಗಳ ಸಾಲು. ಅಲ್ಲಿ ಬಟ್ಟೆ ಒಣಹಾಕುತ್ತಿದ್ದ ಮುದುಕಿ ಪೆರ್ಸಿದಾ ನಮ್ಮನ್ನು ನೋಡಿ ನಕ್ಕಳು. "ಅಲ್ಲೇನು ಹುಡುಕ್ತೀರವ್ವಾ? ಅದು ಇಟ್ಟಿಗೆ ಭಟ್ಟಿಯವರು ಜೇಡಿ ತೆಗೆದ ಹೊಂಡ. ನಮ್ಮಪ್ಪ ಅದರಲ್ಲಿ ಮೀನು ಹಿಡೀತಿದ್ದ. ಆಮೇಲೆ ಊರಿನ ಕಸ ಎಲ್ಲಾ ತಂದು ಸುರಿದ್ರು."

ದೆಸಾಂಕಾ ಬೇಲಿ ದಾಟಿ ಹೋಗಿ ಪೆರ್ಸಿದಾಳ ಅಡುಗೆಮನೆಯ ಗೋಡೆ ನೋಡಿದಳು. ಕಿಟಕಿಯಿಂದ ನೆಲದವರೆಗೆ ಬಿರುಕು. ಬೆರಳು ತೂರುವಷ್ಟು ಅಗಲ. ಹೊಂಡದ ಅಂಚಿನಲ್ಲೇ ಆ ಸಾಲಿನ ಏಳು ಮನೆಗಳು. ಪಕ್ಕದಲ್ಲಿ ಎರಡು ಅಂತಸ್ತು ಅಗೆದರೆ ಏನಾಗುತ್ತದೆಂದು ನನಗೂ ತಿಳಿಯಿತು.

ಗೋಯ್ಕೊನ ಕಚೇರಿಯಲ್ಲಿ ಮೇಜಿನ ಮೇಲೆ ಸಂಕೀರ್ಣದ ಮಾದರಿ ಇತ್ತು. ಗಾಜಿನ ಗೋಡೆ, ಹಸಿರು ಮರ, ಉಗುರಿನಷ್ಟು ಮನುಷ್ಯರು. ಕಾಫಿ, ಪ್ಲಮ್ ಹಣ್ಣಿನ ಸಾರಾಯಿ ರಾಕಿಯಾ ತರಿಸಿದ. ದೆಸಾಂಕಾ ಎರಡನ್ನೂ ಮುಟ್ಟಲಿಲ್ಲ.

"ದೆಸಾಂಕಾ ಅಕ್ಕಾ, ಆರನೇ ಗುಂಡೀಲಿ ಪೈಪ್ ಅಡ್ಡ ಬಂತು ಅಂತ ಬರೀರಿ. ಹದಿನೈದು ಮೀಟರ್ ಈಚೆ ಕೊರೆದ್ವಿ ಅಂತ ಬರೀರಿ. ಅಷ್ಟೇ," ಎಂದ ಗೋಯ್ಕೊ.

"ಎಲ್ಲಿತ್ತಪ್ಪಾ ಪೈಪು? ನಿನ್ನ ತಲೇಲಾ?"

"ಸುಮ್ನೆ ಸಿಟ್ಟಾಗ್ತೀರಿ. ವರ್ಷದ ದೊಡ್ಡ ಸಂತೆಗೆ ಮುಂಚೆ ಪರ್ಮಿಟ್ ಸಿಗ್ಬೇಕು, ಬಾಡಿಗೆಯವರು ಕಾಯ್ತಿದ್ದಾರೆ."

ಅವಳು ಮಾದರಿಯ ಪೂರ್ವದ ಮೂಲೆಯಿಂದ ಒಂದು ಪುಟ್ಟ ಮನುಷ್ಯನನ್ನು ಕಿತ್ತು ಅವನ ಮೂಗಿನ ಮುಂದೆ ಹಿಡಿದಳು. "ಇವನು ಯಾರು? ನಿನ್ನ ಮಗನಾ? ಅಲ್ವಲ್ಲ! ನಿನ್ನೋರು ಯಾರೂ ಆ ಮೂಲೇಲಿ ನಿಲ್ಲಲ್ಲ. ನಿಲ್ಲೋದು ಪೆರ್ಸಿದಾ."

ಹೊರಗೆ ಬಂದು ಲಾರಿ ಹೊರಟ ಮೇಲೆ ನಾನು ಮಾಡಬಾರದ್ದನ್ನು ಮಾಡಿದೆ. "ಬರ್ದು ಕೊಡೋಣ ಬಿಡು. ಒಂದೇ ಗುಂಡಿ ತಾನೇ? ನಾವಲ್ಲದಿದ್ರೆ ಇನ್ನೊಬ್ಬ ಬರ್ಕೊಡ್ತಾನೆ," ಎಂದೆ.

ಕಿವಿಗಳು ಕೆಂಡವಾದವು. "ಹಾಗಾದ್ರೆ ಆ ಇನ್ನೊಬ್ಬನ ಲಾರೀಲೇ ಕೂತ್ಕೋ ಹೋಗೋ, ಲ್ಯುಬಿಶಾ! ಇಳಿ!" ಎಂದು ನಡುರಸ್ತೆಯಲ್ಲೇ ಇಳಿಸಿದಳು. ಮೂರು ವಾರ ನನ್ನ ಜೊತೆ ಮಾತಿಲ್ಲ. ಆ ಮೂರು ವಾರ ನನಗೂ ಸಿಟ್ಟಿತ್ತು. ಮೊದಲು ಅವಳ ಮೇಲೆ, ಆಮೇಲೆ ನನ್ನ ಮೇಲೆ.

ನಾನು ಹೇಳಿದಂತೆಯೇ ಇನ್ನೊಬ್ಬ ಬಂದ. ಅವನ ವರದಿಯಲ್ಲಿ ಎಂಟೂ ಗುಂಡಿಗಳು ಗಟ್ಟಿ ಜೇಡಿ. ನಕ್ಷೆಗಳು ಸಾರ್ವಜನಿಕರ ಆಕ್ಷೇಪಣೆಗೆಂದು ಪುರಭವನದ ಗೋಡೆಗೆ ಬಂದವು. ಕೊನೆಯ ದಿನ ಪರಿಶೀಲನಾ ಸಮಿತಿಯ ಸಭೆ. ಅಂದು ಬೆಳಿಗ್ಗೆ ದೆಸಾಂಕಾ ನಮ್ಮ ಮನೆಯ ಮುಂದೆ ಲಾರಿ ನಿಲ್ಲಿಸಿ ಹಾರ್ನ್ ಹೊಡೆದಳು.

"ಬರ್ತೀಯಾ, ಇಲ್ಲಾ ಕಿಟಕಿಯಿಂದಾನೇ ನೋಡ್ತಿರ್ತೀಯಾ? ಪೆಟ್ಟಿಗೆ ಭಾರ ಇದೆ."

ಆರನೆಯ ಗುಂಡಿಯ ಪೆಟ್ಟಿಗೆಗಳನ್ನು ನಾವಿಬ್ಬರೂ ಪುರಭವನಕ್ಕೆ ಹೊತ್ತು, ಸಮಿತಿಯವರ ಮುಂದೆ, ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆಯೇ ಇಟ್ಟೆವು. ಮುಚ್ಚಳ ತೆಗೆಯುತ್ತಲೇ ಕೊಳೆತ ನಾತ ಎದ್ದಿತು. ಅಧ್ಯಕ್ಷರು ಕರವಸ್ತ್ರ ಮೂಗಿಗೆ ಹಿಡಿದರು.

"ಇದನ್ನ ಹೊರಗೆ ತಗೊಂಡ್ಹೋಗಿ!" ಎಂದ ಗೋಯ್ಕೊ.

"ಯಾಕೆ? ಇದರ ಮೇಲೇ ಅಲ್ವಾ ನೀನು ಸುಗಂಧದ ಅಂಗಡಿ ಇಡೋನು?" ಎಂದಳು ದೆಸಾಂಕಾ. ಹಿಂದಿನ ಸಾಲಿನಲ್ಲಿ ಪೆರ್ಸಿದಾ ಮತ್ತು ಏಳು ಮನೆಗಳವರು ಕೂತಿದ್ದರು. ಅವರು ನಗಲಿಲ್ಲ. ಪೆರ್ಸಿದಾ ಎದ್ದು ಬಂದು ಆ ಚಪ್ಪಲಿಯ ಅಟ್ಟೆಯನ್ನು ಎತ್ತಿ ಹಿಡಿದು, "ಗಟ್ಟಿ ಜೇಡಿ ಅಂತೆ. ಹಾಕ್ಕೊಂಡು ನಡೀರಪ್ಪಾ ನೋಡೋಣ," ಎಂದಳು.

ಸಮಿತಿ ಇನ್ನೂ ಮೂರು ಗುಂಡಿ ಕೊರೆಸಿತು, ಊರಿಗೇ ಸಂಬಂಧವಿಲ್ಲದ ದೂರದವರಿಂದ. ಕಸ ಹನ್ನೊಂದು ಮೀಟರಿನವರೆಗಿತ್ತು. ನಕ್ಷೆ ಬದಲಾಯಿತು: ಕಟ್ಟಡ ಪಶ್ಚಿಮಕ್ಕೆ ಸರಿಯಿತು, ನೆಲದಡಿಯ ಅಂತಸ್ತುಗಳು ಹೋದವು, ಪೂರ್ವದ ಮೂಲೆಯನ್ನು ಬಯಲಾಗಿಯೇ ಬಿಟ್ಟರು.

ಅಡಿಗಲ್ಲು ಹಾಕಿದ ದಿನ ಗೋಯ್ಕೊ ಭಾಷಣ ಮಾಡಿದ. ನೆರೆಹೊರೆಯ ಮನೆಗಳ ಮೇಲಿನ ಕಾಳಜಿಯಿಂದ ತಾನೇ ಯೋಜನೆ ಬದಲಿಸಿದೆ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಪತ್ರಿಕೆಯಲ್ಲಿ ಅದನ್ನು ಓದಿದ ದೆಸಾಂಕಾ ನಾನು ಅದುವರೆಗೆ ಕೇಳಿರದ ಬೈಗುಳಗಳನ್ನು ಒಂದೊಂದಾಗಿ ಉದುರಿಸಿದಳು.

ಆಮೇಲೆ ಊರಿನ ಯಾವ ಬಿಲ್ಡರೂ ನಮ್ಮನ್ನು ಕರೆಯಲಿಲ್ಲ. ಗೋಯ್ಕೊ ಮಾತ್ರ ಗುಟ್ಟಾಗಿ ನನ್ನನ್ನು ಕರೆದ, ತನ್ನವರ ಜೊತೆ ಸೇರು ಎಂದು. ಆಗಲ್ಲ ಎಂದೆ. ಧೈರ್ಯದಿಂದಲ್ಲ, ದೆಸಾಂಕಾಳಿಗೆ ಹೆದರಿ.

ಈಗ ನಾವು ಹಳ್ಳಿಗಳಲ್ಲಿ ಮೆಣಸಿನಕಾಯಿ ತೋಟಗಳಿಗೆ ಬಾವಿ ಕೊರೆಯುತ್ತೇವೆ. ನೀರು ಸಿಕ್ಕರೆ ರೈತರು ಅವಳನ್ನು ತಬ್ಬಿಕೊಳ್ಳುತ್ತಾರೆ. ಅವಳು ಕೊಸರಿಕೊಂಡು ಪೈಪು ತೊಳೆಯಲು ಹೋಗುತ್ತಾಳೆ. ಅರವತ್ತೆರಡಾದರೂ ಸಿಟ್ಟು ಇಳಿದಿಲ್ಲ. ಮೊನ್ನೆ ಒಬ್ಬ ರೈತ, "ಅಮ್ಮಾ, ಹದಿನೆಂಟು ಮೀಟರ್ ಇಳಿಸಿದ್ದೀರಿ, ಇಪ್ಪತ್ತು ಅಂತ ಬರ್ಕೊಳ್ಳಿ, ದುಡ್ಡು ಕೊಡೋ ನಮ್ಮ ಅಳಿಯನಿಗೆ ತೋರಿಸ್ಬೇಕು," ಎಂದ. ನಾನು ಅವಳ ಕಡೆ ನೋಡದೆ ಲಾರಿ ಹತ್ತಿ ಕೂತೆ.