ಅಕ್ರೋಟ ಮರದ ಹಿಡಿ

ರೈಫಲ್ ಕ್ಲಬ್ಬಿನಲ್ಲಿ ನನ್ನ ಪಕ್ಕದಲ್ಲೇ ಮಲಗಿ ಗುರಿ ಹಿಡಿಯುತ್ತಿದ್ದ ಆ ನಿವೃತ್ತ ಅಧಿಕಾರಿ ಧಾರವಾಡದ ಕಡೆಯವರು. ಹೊಸ ರೈಫಲ್ ಆರಿಸಲು ನನ್ನನ್ನೂ ಸಿಕಂದರಾಬಾದಿನ ಅಂಗಡಿಗೆ ಕರೆದೊಯ್ದಿದ್ದರು. ಗುಂಡು ತುಂಬಲು ಎಳೆಯುವ ಬೋಲ್ಟನ್ನು ಕಿವಿಯ ಬಳಿ ಎಳೆದು ತಳ್ಳಿ, ತಂಬೂರಿಯ ಶ್ರುತಿ ನೋಡುವವರಂತೆ ಕಣ್ಣು ಮುಚ್ಚಿದರು. ಅಕ್ರೋಟ ಮರದ ಹಿಡಿಯನ್ನು ಬೆರಳ ತುದಿಯಿಂದ ಸವರಿದರು.

"ನಿಶಾನಾ ಭೀ ಪಕ್ಕಾ ಹೈ, ಸಾಬ್," ಎಂದ ಅಂಗಡಿಯವನು.

"ಗುರಿ ಇದ್ದದ್ದ ಬಿಡ್ರಿ. ಮೊದಲ ಕುಸುರಿ ನೋಡ್ರಿ," ಎಂದು ನನ್ನತ್ತ ತಿರುಗಿದರು. "ರಾಯರ, ನಿಮ್ಮ ರೈಫಲ್ ಹಿಡಿ ಗುದ್ದಲಿ ಕಾವು ಇದ್ದಂಗ ಐತಿ."

ಆ ಮಾತನ್ನು ನಾನು ಮರೆತಿಲ್ಲ.

ಕ್ಲಬ್ಬಿನ ತಂಡದಲ್ಲಿ ಉಳಿದಿದ್ದ ಒಂದೇ ಸ್ಥಾನಕ್ಕೆ ನಾವಿಬ್ಬರೂ ಸ್ಪರ್ಧಿಸಿದೆವು. ಬೆವರು ತಗುಲಿ ಪಾಲಿಶ್ ಕೆಡಬಾರದೆಂದು ಅವರು ಕೆನ್ನೆಗೂ ಹಿಡಿಗೂ ನಡುವೆ ರೇಷ್ಮೆಯ ಕರವಸ್ತ್ರವನ್ನಿಟ್ಟುಕೊಂಡಿದ್ದರು. ಕೊನೆಯ ಗುಂಡಿನ ಹೊತ್ತಿಗೆ ಅದು ಜಾರಿ, ರೈಫಲ್ ನನ್ನ ಕಡೆಗೆ ವಾಲಿತು. ನಾನಿನ್ನೂ ಬೋಲ್ಟ್ ಎಳೆಯುತ್ತಿದ್ದಂತೆಯೇ ಅವರ ಗುಂಡು ನನ್ನ ಗುರಿಹಾಳೆಯ ನಟ್ಟನಡುವೆ ತೂತು ಮಾಡಿತು. ಪರರ ಹಾಳೆಗೆ ಹೊಡೆದ ತಪ್ಪಿಗೆ ಅವರ ಅಂಕಗಳು ಕಡಿತವಾಗಿ, ಸ್ಥಾನ ನನಗೆ ದಕ್ಕಿತು.

ಅವರು ಆ ಹಾಳೆಯನ್ನು ಕೇಳಿ ಪಡೆದು, ಚೌಕಟ್ಟು ಹಾಕಿಸಿ, ಮನೆಯ ಹಜಾರದಲ್ಲಿ ತೂಗುಹಾಕಿದರು. ಬಂದವರಿಗೆಲ್ಲ ನಡುವಿನ ತೂತನ್ನು ತೋರಿಸಿ, "ಕುಸುರಿ ನೋಡ್ರಿ," ಎನ್ನುತ್ತಿದ್ದರು. ಅಂಚಿನಲ್ಲಿ ಚದುರಿದ್ದ ನನ್ನ ತೂತುಗಳ ವಿಷಯವನ್ನು ಯಾರೂ ಕೇಳುತ್ತಿರಲಿಲ್ಲ. ಆದರೂ ತಾವಾಗಿಯೇ ಹೇಳುತ್ತಿದ್ದರು:

"ಅವು ನಮ್ಮ ರಾಯರು ಗುದ್ದಲಿಲೆ ತೋಡಿದ ತಗ್ಗು ಅದಾವ್ರಿ."