ಎರಡು ಸಲ ಮರೆತ ಇಸ್ತ್ರಿಪೆಟ್ಟಿಗೆ

ನಾಲ್ಕೂಕಾಲಿಗೆ ಎದ್ದು ಬಚ್ಚಲೊಲೆಗೆ ಬೆಂಕಿ ಹಾಕುವುದು. ಬಾವಿಯಿಂದ ನೀರು ಸೇದಿ ಎರಡು ಮಡಿಕೆಯ ಬಟ್ಟೆಯಲ್ಲಿ ಸೋಸುವುದು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳು ಸಾಯಬಾರದೆಂದು ಅದನ್ನು ಅದೇ ನೀರಿನಲ್ಲಿ ಜಾಲಾಡಿ, ಆ ನೀರನ್ನು ಕೊಡಪಾನದಲ್ಲಿ ಮೆಲ್ಲಗೆ ಇಳಿಸಿ ಬಾವಿಗೇ ಬಿಡುವುದು. ಸ್ನಾನ ಮಾಡಿ, ಒದ್ದೆ ಕೂದಲಿಗೆ ಬೈರಾಸು ಸುತ್ತಿಕೊಂಡೇ ಹಾಲು ಕರೆಯುವುದು. ಗಂಡ ಬಸದಿಗೆ ಒಯ್ಯುವ ತಟ್ಟೆಯಲ್ಲಿ ಅಕ್ಕಿ, ಹೂ ಇಡುವುದು. ತೆಂಗಿನಕಾಯಿ ತುರಿದು ಚಟ್ನಿಗಿಷ್ಟು, ಪಲ್ಯಕ್ಕಿಷ್ಟು, ಮಧ್ಯಾಹ್ನದ ಸಾರಿಗಿಷ್ಟು ಎಂದು ಪಾಲು ಮಾಡುವುದು. ಬಚ್ಚಲೊಲೆಯ ಕೆಂಡವನ್ನು ಇಸ್ತ್ರಿಪೆಟ್ಟಿಗೆಗೆ ತುಂಬಿ ಗಂಡನ ಅಂಗಿ, ಮಗಳ ಚೂಡಿದಾರ್ ತಿಕ್ಕುವುದು.

ಇಷ್ಟಾಗುವಾಗ ವೇಣೂರಿನಲ್ಲಿ ಬೆಳಗಾಗುತ್ತಿತ್ತು. ಅನಂತಮತಿಯ ಗಂಡ ಶಾಂತಿರಾಜರು ಎದ್ದು ಬಂದು, "ಹಾಲು ಇನ್ನೂ ಕಾಯಲಿಲ್ಲವಾ?" ಎಂದು ಕೇಳುತ್ತಿದ್ದರು. ಅವರಿಗೆ ಪೇಟೆಯಲ್ಲಿ ದಿನಸಿ ಅಂಗಡಿ. ಮಗಳು ಶರಣ್ಯಾ ಮೂಡುಬಿದಿರೆಗೆ ಕಾಲೇಜಿಗೆ ಹೋಗುತ್ತಿದ್ದಳು.

ಜೈನರ ಮನೆಯಾದ್ದರಿಂದ ರಾತ್ರಿಯೂಟವೆಂಬುದು ಇರಲಿಲ್ಲ. ಸೂರ್ಯ ಮುಳುಗುವ ಮೊದಲೇ ಉಂಡು ಏಳಬೇಕು. ಮುಳುಗಿದ ಮೇಲೆ ಮರುದಿನ ಸೂರ್ಯ ಹುಟ್ಟುವವರೆಗೆ ಅಡುಗೆಯೊಲೆಯೂ ಇಲ್ಲ, ಎಲೆಯೂ ಇಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತದ ನಿಮಿಷ ನೋಡಿ ಅನಂತಮತಿ ಅಕ್ಕಿ ತೊಳೆಯುತ್ತಿದ್ದಳು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ದಿನವೂ ಆ ಮನೆಯವರು ಅವಳ ದೆಸೆಯಿಂದ ಉಪವಾಸ ಮಲಗಿದ್ದಿಲ್ಲ. ಅದರ ಬದಲಿಗೆ ಅವಳಿಗೆ ದಕ್ಕುತ್ತಿದ್ದುದು ಸಂಜೆಯ ಒಂದು ಗಂಟೆ. ಪಾತ್ರೆ ತಿಕ್ಕಿಟ್ಟು ಬಂದರೆ ಏಳರ ನಂತರ ಯಾರೂ ಏನೂ ಕೇಳುತ್ತಿರಲಿಲ್ಲ.

ತೊಂಬತ್ತೆಂಟರಲ್ಲಿ ಕೇಬಲ್ ಬಂದ ಮೇಲೆ ಆ ಗಂಟೆಗೆ ಒಂದು ಇಂಗ್ಲಿಷ್ ಆಟ ಸಿಕ್ಕಿತು. ಹೊರದೇಶದ ಯಾವುದೋ ಚಾನೆಲ್ಲು. ಕೊನೆಗೆ ಗೆದ್ದವರನ್ನು ಒಂದು ಕುರ್ಚಿಯಲ್ಲಿ ಕೂರಿಸುತ್ತಾರೆ. ಎದುರಿಗೆ ಓಡುವ ಬೆಲ್ಟಿನ ಮೇಲೆ ಇಪ್ಪತ್ತು ಸಾಮಾನು ಒಂದರ ಹಿಂದೊಂದು ಹೋಗುತ್ತವೆ: ಚಹಾದ ಸೆಟ್ಟು, ಕಂಬಳಿ, ತಕ್ಕಡಿ, ಬಟ್ಟೆಯ ಗೊಂಬೆ, ಇಸ್ತ್ರಿಪೆಟ್ಟಿಗೆ. ಆಮೇಲೆ ಒಂದು ನಿಮಿಷದೊಳಗೆ ಎಷ್ಟು ನೆನಪಿಸಿಕೊಂಡು ಹೇಳುತ್ತಾರೋ ಅಷ್ಟೂ ಅವರಿಗೇ.

ಅನಂತಮತಿಗೆ ಇಂಗ್ಲಿಷ್ ಬಾರದು. ಆದರೆ ಸಾಮಾನುಗಳು ಇಂಗ್ಲಿಷಿನಲ್ಲಿರಲಿಲ್ಲವಲ್ಲ. ಮೊದಲ ದಿನ ಅವಳು ಬೆರಗಾಗಿ ಕೂತದ್ದು ಬಹುಮಾನಕ್ಕಲ್ಲ, ಚಪ್ಪಾಳೆಗೆ. ಮನೆಯಲ್ಲಿ ಏನೇನಿದೆ ಎಂದು ಹೇಳಿದ್ದಕ್ಕೆ ಕೋಟು ಹಾಕಿದ ಗಂಡಸರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು!

ಶಾಂತಿರಾಜರೂ ಆಡುತ್ತಿದ್ದರು. "ರೇಡಿಯೋ, ಗಡಿಯಾರ... ಮತ್ತೆಂತ ಮಾರಾಯ್ತಿ, ಆ ಉದ್ದದ್ದು?" ಅಲ್ಲಿಗೆ ಅವರ ನೆನಪು ಮುಗಿಯುತ್ತಿತ್ತು. ಅನಂತಮತಿ ಬತ್ತಿ ಹೊಸೆಯುತ್ತಲೇ ಇಪ್ಪತ್ತನ್ನೂ ಹೇಳುತ್ತಿದ್ದಳು. ಮಗಳು ಬೆರಳು ಮಡಚಿ ಎಣಿಸುತ್ತಿದ್ದಳು. "ಅಮ್ಮ ಫಸ್ಟ್. ಅಪ್ಪ ಫೇಲ್."

ಅಕ್ಟೋಬರಿನ ಒಂದು ಸಂಜೆ ಮರುದೇವಿಯಕ್ಕ ಮನೆಗೆ ಬಂದಿದ್ದರು. ಹಿಂದೆ ಈ ಕಡೆ ಗ್ರಾಮಸೇವಿಕೆಯಾಗಿದ್ದವರು, ಈಗ ಮೂಡುಬಿದಿರೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ನಡೆಸುತ್ತಿದ್ದರು. ಅಂದು ಟಿ.ವಿ.ಯಲ್ಲಿ ಹಸಿರು ಅಂಗಿಯ ದಪ್ಪ ಹೆಂಗಸೊಬ್ಬಳು ಹತ್ತೊಂಬತ್ತು ಸಾಮಾನು ಹೇಳಿ ಕೊನೆಯದಕ್ಕೆ ತಡವರಿಸಿದಳು, ಕೆನ್ನೆ ಹಿಡಿದುಕೊಂಡಳು, ನಿಮಿಷ ಮುಗಿದ ಗಂಟೆ ಬಡಿಯಿತು.

"ಇಸ್ತ್ರಿಪೆಟ್ಟಿಗೆ," ಎಂದಳು ಅನಂತಮತಿ, ತನ್ನ ಪಾಡಿಗೆ.

ಮರುದೇವಿಯಕ್ಕ ತಿರುಗಿ ನೋಡಿದರು. "ಅನಂತಾ, ನನ್ನ ಹಾಸ್ಟೆಲಿನಲ್ಲಿ ತೊಂಬತ್ತು ಹುಡುಗಿಯರು. ಉಗ್ರಾಣದಲ್ಲಿ ಎಂತ ಉಂಟು, ಎಂತ ಮುಗಿದಿದೆ ಅಂತ ಹೇಳುವ ಒಬ್ಬರಿಲ್ಲ. ಇದ್ದವರು ಬಿಟ್ಟುಹೋದ್ರು. ಬರ್ತೀಯಾ? ಸಂಬಳ ಉಂಟು."

ಅನಂತಮತಿಯ ಕೈಯ ಬತ್ತಿ ಅರ್ಧಕ್ಕೇ ನಿಂತಿತು. ಅವಳು ಬಾಯಿ ತೆರೆಯುವ ಮೊದಲೇ ಶಾಂತಿರಾಜರು ನಕ್ಕರು. "ನೋಡುವ ಅಕ್ಕ. ಕೇಳಿ ಹೇಳ್ತೇನೆ."

ಯಾರನ್ನು ಕೇಳುತ್ತಾರೆ ಎಂದು ಅವಳು ಮೂರು ವಾರ ಯೋಚಿಸಿದಳು. ಅವಳನ್ನಂತೂ ಕೇಳಲಿಲ್ಲ. ತಾನಾಗಿ ಎತ್ತಿದರೆ ಮಾತು ಕೆಡುತ್ತದೆಂದು ಅವಳು ಕಾದಳು. ಹಾಲು ಕರೆಯುವಾಗ ಮನಸ್ಸಿನಲ್ಲಿ ತೊಂಬತ್ತು ಹುಡುಗಿಯರಿಗೆ ಅಕ್ಕಿ ಅಳೆಯುತ್ತಿದ್ದಳು.

ನವೆಂಬರ್ ಶುರುವಿನಲ್ಲಿ ಹಸಿರು ಅಂಗಿಯ ಹೆಂಗಸು ಮತ್ತೆ ಬಂದಳು. ಅದೇ ಕುರ್ಚಿ. ಅದೇ ಚಹಾದ ಸೆಟ್ಟು, ಅದೇ ಕಂಬಳಿ. ಅನಂತಮತಿಗೆ ಖುಷಿಯೇ ಆಯಿತು: ಪಾಪ, ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಈ ಸಲ ಬಿಡಲಾರಳು. ಹತ್ತೊಂಬತ್ತು ಆಯಿತು. ಹೆಂಗಸು ಕೆನ್ನೆ ಹಿಡಿದುಕೊಂಡಳು.

"ಇಸ್ತ್ರಿಪೆಟ್ಟಿಗೆ! ಇಸ್ತ್ರಿಪೆಟ್ಟಿಗೆ ಮಾರಾಯ್ತಿ!" ಅನಂತಮತಿ ಎದ್ದೇ ನಿಂತಿದ್ದಳು. ಗಂಟೆ ಬಡಿಯಿತು. "ಇವಳಿಗೆ ಎಂತ ಆಗಿದೆ? ಹೋದ ಸಲ ಬಿಟ್ಟದ್ದನ್ನೇ ಈ ಸಲವೂ ಬಿಡುವುದಾ?"

ಶರಣ್ಯಾ ಹೊಟ್ಟೆ ಹಿಡಿದು ನಕ್ಕಳು. "ಅಮ್ಮ, ಅದು ರಿಪೀಟ್. ಹಳೆಯದನ್ನೇ ತಿರುಗಿ ಹಾಕುವುದು. ಇರಿ, ಕೊನೆಗೆ ಇಸವಿ ಬರ್ತದೆ." ಪರದೆಯಲ್ಲಿ ಓಡಿದ ರೋಮನ್ ಅಂಕಿಗಳನ್ನು ಅವಳು ಕೂಡಿಸಿ ಓದಿದಳು. "ಎಪ್ಪತ್ತಾರು. ಸಾವಿರದ ಒಂಬೈನೂರ ಎಪ್ಪತ್ತಾರು."

"ಹಾಗಾದ್ರೆ ಆ ಚಪ್ಪಾಳೆ?"

"ಅದೂ ಆವಾಗಿನದ್ದೇ. ಆ ಹೆಂಗಸು ಈಗ ಮುದುಕಿ ಆಗಿರ್ಬಹುದು. ಇಲ್ಲದಿದ್ರೆ ಸತ್ತೇ ಹೋಗಿರ್ಬಹುದು."

ಅನಂತಮತಿ ಮದುವೆಯಾಗಿ ಈ ಮನೆಗೆ ಬಂದದ್ದು ಎಪ್ಪತ್ತಾರರಲ್ಲಿ. ಅವಳು ಟಿ.ವಿ.ಯನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಸಾಬೂನಿನ ಜಾಹೀರಾತು ಬಂದಿತ್ತು.

ಮರುದಿನ ಹನ್ನೊಂದಕ್ಕೆ ಫೋನು ಬಡಿದುಕೊಂಡಿತು. ಮರುದೇವಿಯಕ್ಕ.

"ಬೇಸರ ಇಲ್ಲ ಅನಂತಾ. ಇವತ್ತು ನಾಲ್ಕು ಗಂಟೆಗೆ ಕಮಿಟಿಯವರು ಕೂತು ಬೇರೆಯವರನ್ನು ತೆಗೆದುಕೊಳ್ತಾರೆ. ಅದಕ್ಕೆ ಮುಂಚೆ ನಿನಗೊಂದು ಮಾತು ಹೇಳುವ ಅಂತ. ಮನಸ್ಸಿಲ್ಲದಿದ್ರೆ ನೀನೇ ಹೇಳ್ಬಹುದಿತ್ತಲ್ಲ?"

"ಮನಸ್ಸಿಲ್ಲ ಅಂತ ಯಾರು ಹೇಳಿದ್ದು?"

"ನಿನ್ನ ಗಂಡ. ಅಂಗಡಿಯಿಂದ ಫೋನು ಮಾಡಿದ್ರು, ನಾನು ಬಂದುಹೋದ ಮರುದಿನವೇ. 'ಅವಳಿಗೆ ಮನಸ್ಸಿಲ್ಲ' ಅಂತ. ನಾರಾವಿಯ ಬಾಲವಾಡಿಗೆ ಟೀಚರ್ ಅಂತ ನಾನು ನಿನ್ನ ಹೆಸರು ಬರೆದಾಗಲೂ ಹೀಗೇ ಅಲ್ಲವಾ? ಎಪ್ಪತ್ತೊಂಬತ್ತರಲ್ಲಿ. ಆಗಲೂ ಅವರೇ ಆಫೀಸಿಗೆ ಬಂದು ಹೇಳಿದ್ದು, ಇದೇ ಮಾತು."

ಬಾಲವಾಡಿಯ ಕೆಲಸ ಬೇರೆ ಯಾರಿಗೋ ಆಯಿತು ಎಂದು ಅನಂತಮತಿಗೆ ಗಂಡ ಹೇಳಿದ್ದರು. ತನ್ನ ಅಕ್ಷರ ಚೆನ್ನಾಗಿಲ್ಲ, ಅದಕ್ಕೇ ಸಿಗಲಿಲ್ಲ ಎಂದು ಅವಳು ಹತ್ತೊಂಬತ್ತು ವರ್ಷ ನಂಬಿದ್ದಳು. ಮಗಳಿಗೆ ಕಾಪಿ ಬರೆಸುವಾಗ ಕೂಡ ತಾನು ಬರೆದು ತೋರಿಸುತ್ತಿರಲಿಲ್ಲ.

"ಅಕ್ಕ, ನಾಲ್ಕಕ್ಕೆ ಬಂದ್ರೆ ಆಗ್ತದಾ?" ಎಂದು ಕೇಳಿದ ಸ್ವರ ಅವಳಿಗೇ ಪರಕೀಯವಾಗಿ ಕೇಳಿಸಿತು.

"ನೀನೇ ಬಂದ್ರೆ ಆಗ್ತದೆ."

ಹನ್ನೆರಡೂವರೆಗೆ ಶಾಂತಿರಾಜರು ಊಟಕ್ಕೆ ಬಂದರು. ಅನಂತಮತಿ ಬಡಿಸಿದಳು. ಸಾರು ಹಾಕುತ್ತ ಕೇಳಿದಳು: "ಮರುದೇವಿಯಕ್ಕನಿಗೆ ಎಂತ ಹೇಳಿದ್ರಿ?"

"ಎಂತ ಹೇಳುವುದು? ನಿನಗೆ ಮನಸ್ಸಿಲ್ಲ ಅಂದೆ. ಬೆಳಗ್ಗೆ ಎದ್ದಲ್ಲಿಂದ ನಿನಗೆ ಪುರುಸೊತ್ತು ಎಲ್ಲಿ ಉಂಟು? ಉಪ್ಪಿನಕಾಯಿ ಹಾಕು."

ಅವಳು ಹಾಕಿದಳು. "ಬಾಲವಾಡಿಯವರಿಗೂ ಹಾಗೇ ಹೇಳಿದ್ದಾ?"

ಅವರು ತಲೆಯೆತ್ತಿದರು. "ಯಾವ ಬಾಲವಾಡಿ?"

ಸುಳ್ಳು ಹೇಳುವ ಮುಖವಾಗಿದ್ದರೆ ಅವಳಿಗೆ ತಿಳಿಯುತ್ತಿತ್ತು. ಇದು ಹುಡುಕುವ ಮುಖ. ಹಣೆ ಗಂಟಿಕ್ಕಿ ಪ್ರಾಮಾಣಿಕವಾಗಿಯೇ ನೆನಪು ಮಾಡಿಕೊಳ್ಳುತ್ತಿದ್ದರು, ಟಿ.ವಿ.ಯೆದುರು ಮಾಡುವಂತೆಯೇ. ಸಿಗಲಿಲ್ಲ. "ಎಂತದೋ," ಎಂದು ಕೈ ತೊಳೆಯಲು ಎದ್ದರು. ಅವಳ ಕೈಯಲ್ಲಿ ಸೌಟು ಹಾಗೇ ಇತ್ತು. ಮರೆಮಾಚಿದ್ದರೆ ಜಗಳವಾಡಬಹುದಿತ್ತು, ಅವರು ಮರೆತೇಬಿಟ್ಟಿದ್ದರು.

ಅವರು ಅಂಗಡಿಗೆ ಹೋದ ಮೇಲೆ ಗಂಟೆ ಒಂದೂ ಹತ್ತು. ಮೂಡುಬಿದಿರೆಗೆ ಎರಡು ಗಂಟೆಯ ಬಸ್ಸಿದೆ. ನಾಲ್ಕಕ್ಕೆ ಕಮಿಟಿಯೆದುರು ಕೂತರೆ ವಾಪಸು ಬರುವಾಗ ಏಳಾಗುತ್ತದೆ. ಕ್ಯಾಲೆಂಡರಿನಲ್ಲಿ ಇಂದಿನ ಸೂರ್ಯಾಸ್ತ ಆರು ಗಂಟೆ ಎರಡು ನಿಮಿಷ.

ಅಭ್ಯಾಸಬಲದಿಂದ ಕೈ ಅಕ್ಕಿಯ ಡಬ್ಬಿಗೆ ಹೋಯಿತು. ಈಗಲೇ ಅನ್ನ, ಹೆಸರುಬೇಳೆಯ ತೊವ್ವೆ ಮಾಡಿ ಮುಚ್ಚಿಟ್ಟು ಹೋದರೆ ಆಯಿತು. ಓಡಿದರೆ ಬಸ್ಸೂ ಸಿಗುತ್ತದೆ. ಎರಡು ಪಾವು ಅಳೆದದ್ದೂ ಆಯಿತು. ಹಾಗೆ ಮಾಡಿಟ್ಟರೆ ಅವರು ಬಂದು ಉಂಡು ಎದ್ದು ಟಿ.ವಿ. ಹಾಕುತ್ತಾರೆ. ತಾನು ಹೋದದ್ದು ಅವರಿಗೆ ಗೊತ್ತೇ ಆಗುವುದಿಲ್ಲ.

ಅಳೆದ ಅಕ್ಕಿಯನ್ನು ಅವಳು ಡಬ್ಬಿಗೆ ಹಿಂದಕ್ಕೆ ಸುರಿದಳು.

ಶರಣ್ಯಾಳ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ಬರೆಯಲು ಕೂತಳು. ಅಕ್ಕಿ ನೀಲಿ ಡಬ್ಬಿಯಲ್ಲಿ. ಬೇಳೆ ಅದರ ಬಲಕ್ಕೆ. ಸೋಸಿದ ನೀರು ತಾಮ್ರದ ಹಂಡೆಯಲ್ಲಿ. ಉಪ್ಪಿನ ಮರಿಗೆ, ಬೆಂಕಿಪೊಟ್ಟಣ, ಬಾಳೆಕಾಯಿ, ತುಪ್ಪ, ಹೀಗೆ ಒಂದೊಂದಾಗಿ. ಹತ್ತೊಂಬತ್ತು ಆಯಿತು. ತನ್ನ ಅಕ್ಷರವನ್ನು ಸ್ವಲ್ಪ ದೂರ ಹಿಡಿದು ನೋಡಿದಳು. ದುಂಡಗೆ, ಗೆರೆ ತಪ್ಪದೆ, ಚೆನ್ನಾಗಿಯೇ ಇತ್ತು.

ಆ ಹಾಳೆಯನ್ನು ಮಡಚಿ ತನ್ನ ಚೀಲಕ್ಕೆ ಹಾಕಿಕೊಂಡಳು. ಕಮಿಟಿಯವರು ಅಕ್ಷರ ನೋಡಬೇಕೆಂದರೆ ತೋರಿಸಬಹುದು. ಇನ್ನೊಂದು ಹಾಳೆ ಹರಿದು ಎರಡೇ ಸಾಲು ಬರೆದು, ನೀಲಿ ಡಬ್ಬಿಯ ಮುಚ್ಚಳದಡಿ ಸಿಕ್ಕಿಸಿದಳು:

"ನಾನು ಮೂಡುಬಿದಿರೆಗೆ ಹೋಗಿದ್ದೇನೆ, ನನಗೆ ಮನಸ್ಸುಂಟು. ಸೂರ್ಯಾಸ್ತ ಆರು ಗಂಟೆ ಎರಡು ನಿಮಿಷಕ್ಕೆ."

ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ಎಂದಿನ ಜಾಗದಲ್ಲಿ ಇಟ್ಟು ಅವಳು ಬಸ್‌ಸ್ಟಾಂಡಿನ ದಾರಿ ಹಿಡಿದಳು. ಆ ಜಾಗ ಗಂಡನಿಗೆ ಗೊತ್ತೋ ಇಲ್ಲವೋ ಎಂಬುದು ಅರ್ಧ ದಾರಿಯಲ್ಲಿ ನೆನಪಾಯಿತು. ಅವಳು ಹಿಂತಿರುಗಲಿಲ್ಲ.